ನೆಂಟರಿಗೆ ಹಚ್ಚುವ ಗ್ಯಾಸು

ಜಾಲ್ಸೂರಿನ ರುಖಿಯಮ್ಮನ ಮನೆಯಲ್ಲಿ ತೂಕದ ಕೊಕ್ಕೆ ಮರೆತು ಬಂದಿದ್ದೆ. ಮರುದಿನ ಅದನ್ನು ತರಲು ಹೋಗಬೇಕಾಯಿತು. ಹೇಳದೆ ಒಬ್ಬರ ಮನೆಗೆ ಹೋಗುವುದೆಂದರೆ ನನಗೆ ಭಾರೀ ಸಂಕೋಚ. ಗೇಟಿನ ಹೊರಗೆ ಐದು ನಿಮಿಷ ನಿಂತೇ ಇದ್ದೆ.

ನನ್ನ ಕೆಲಸ ಇಷ್ಟೆ: ಹತ್ತು ಕಿಲೋ ಸೌದೆ ತೂಗಿ ಬೇರೆ ಇಡಿಸುವುದು, ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ತೂಗುವುದು. ಹತ್ತು ವರ್ಷದ ಹಿಂದೆ ಇದೇ ಊರುಗಳಲ್ಲಿ ಹೀಗೇ ತೂಗಿದ ಲೆಕ್ಕ ಉಂಟು. ಎರಡನ್ನೂ ಹೋಲಿಸಿ, ಈಗಲೂ ಹೆಚ್ಚು ಸೌದೆ ಉರಿಸುವ ಒಂದು ಊರಿಗೆ ನಮ್ಮ ಸಂಸ್ಥೆಯವರು ಹೊಗೆ ಕಮ್ಮಿಯ ಒಲೆ ಕೊಡುತ್ತಾರೆ. ಒಂದೇ ಊರಿಗೆ. ನಮ್ಮ ರಾಮಕುಂಜದಲ್ಲಿ ಆಗ ಮನೆಗೆ ದಿನಕ್ಕೆ ಏಳು ಕಿಲೋ ಇತ್ತು, ಈಗ ಆರು. ಜಾಲ್ಸೂರಿನಲ್ಲಿ ಒಂಬತ್ತು ಇದ್ದದ್ದು ಎರಡಕ್ಕೆ ಇಳಿದಿತ್ತು. ಒಲೆ ರಾಮಕುಂಜಕ್ಕೇ ಅಂತ ಅಮ್ಮ ಆಗಲೇ ಅಡುಗೆಮನೆಯ ಮೂಲೆ ಗುಡಿಸಿ ಜಾಗ ಮಾಡಿದ್ದಳು.

ಮುಂಬಾಗಿಲಲ್ಲಿ ಯಾರೂ ಕಾಣಲಿಲ್ಲ. ಹಿತ್ತಿಲಿಗೆ ಬಂದರೆ ಅಡುಗೆಮನೆ ತುಂಬ ಹೊಗೆ. ರುಖಿಯಮ್ಮ ಒಲೆ ಊದುತ್ತಾ ಕೆಮ್ಮುತ್ತಿದ್ದರು. ನನ್ನನ್ನು ಕಂಡದ್ದೇ ತಲೆಗೆ ಹೊದೆದ ತಟ್ಟ ಸರಿಮಾಡಿಕೊಂಡು ಗ್ಯಾಸಿನ ಕಡೆ ಓಡಿದರು.

"ಫೋನಾದ್ರೂ ಮಾಡಿ ಬರ್ಬಾರ್ದಾ ಮೋಳೇ! ಚಾ ಇಡ್ತೇನೆ ಕೂತ್ಕೊ," ಎಂದು ಮಗಳಿಗೆ ಹೇಳುವ ಹಾಗೆ ಹೇಳಿದರು.

"ನಿನ್ನೆ ಒಲೆಯಲ್ಲಿ ಬೂದಿಯೂ ಇರಲಿಲ್ಲ," ಎಂದೆ.

ಬಟ್ಟೆ ಒಣಹಾಕುತ್ತಿದ್ದ ಮಗಳು ಮುನೀರಾ ನಕ್ಕಳು. "ನೀವು ಅಡುಗೆಮನೆ ನೋಡ್ಲಿಕ್ಕೆ ಬರ್ತೀರಿ ಅಂತ ಎರಡು ದಿನ ಒಲೆ ಹಚ್ಲೇ ಇಲ್ಲ. ಬಚ್ಚಲಿಗೆ ಮಾತ್ರ ಸೌದೆ. ಉಮ್ಮನ ಗ್ಯಾಸ್ ಅಂದ್ರೆ ಕಪಾಟಿನ ಹೊಸ ಕಪ್ಪಿನ ಹಾಗೆ, ನೆಂಟರಿಗೆ ಮಾತ್ರ."

"ನೀನು ಸುಮ್ನಿರು! ದಿನಾ ಗ್ಯಾಸಿನಲ್ಲಿ ಕುಚ್ಚಲಕ್ಕಿ ಬೇಯ್ಸಿದ್ರೆ ಸಿಲಿಂಡರ್ ಎಷ್ಟು ದಿನ ಬರ್ತದೆ?"

"ಬೇರೆ ಮನೆಯವರೂ ಹೀಗೇ ಮಾಡಿದ್ದಾ?" ಎಂದು ಕೇಳಿದೆ.

"ಮತ್ತೆಂತ? ಪಕ್ಕದ ಮನೆ ಪಾತುವಿಂದು ಖಾಲಿ ಆಗಿತ್ತು. ನಮ್ಮ ಎರಡನೇ ಸಿಲಿಂಡರನ್ನೇ ಉರುಳಿಸ್ಕೊಂಡು ಹೋದ್ಲು!" ಎಂದಳು ಮುನೀರಾ.

ರಾಮಕುಂಜದಲ್ಲಿ ನನಗಾಗಿ ಯಾರೂ ಗ್ಯಾಸ್ ಹಚ್ಚಿರಲಿಲ್ಲ. "ಸುಮ್ನೆ ನಿಲ್ಬೇಡ ಮಾರಾಯ್ತಿ, ಆ ಕೊಳ್ಳಿ ಸ್ವಲ್ಪ ಮುಂದೆ ತಳ್ಳು" ಎಂದಿದ್ದರು ಅಷ್ಟೆ.

ರುಖಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಡಾಕ್ಟ್ರು ಹೊಗೆ ಬಿಡಿ ಅಂತಾರೆ. ಹೊಗೆ ಬಿಟ್ರೆ ಅನ್ನ ಬೇಯುದು ಹೇಗೆ? ಆ ಹೊಸ ಒಲೆ ನಮ್ಗೆ ಸಿಕ್ತದಾ ಮೋಳೇ?"

ಅಂಗಳಕ್ಕೆ ಬಂದು ನಮ್ಮ ಮೇಲ್ವಿಚಾರಕ ಸುಜಯ್ ಸರ್‌ಗೆ ಫೋನ್ ಮಾಡಿದೆ. ಹೇಳಬೇಕಾದ್ದನ್ನು ಮೊದಲು ಅಂಗೈ ಮೇಲೆ ಬರೆದುಕೊಂಡಿದ್ದೆ.

"ಸರ್, ಜಾಲ್ಸೂರಿನ ತೂಕ ತಪ್ಪು. ನಾನು ಬರ್ತೇನೆ ಅಂತ ಎಲ್ರೂ ಗ್ಯಾಸ್ ಹಚ್ಚಿದ್ದಾರೆ."

"ಎಷ್ಟು ಮನೆ?"

"ಇಪ್ಪತ್ತೆರಡೂ."

"ಎಲ್ಲ ಮತ್ತೆ ತೂಗ್ಬೇಕು. ಒಲೆ ನಿಮ್ಮ ಊರಿಗೆ ತಪ್ಪಿದ್ರೂ ತಪ್ಪೀತು, ಗೊತ್ತುಂಟಲ್ಲ?"

ಅಮ್ಮ ಗುಡಿಸಿಟ್ಟ ಮೂಲೆ ಕಣ್ಣ ಮುಂದೆ ಬಂತು. "ಗೊತ್ತುಂಟು ಸರ್."

ಒಳಗೆ ಬಂದು ಚಾ ಪಾತ್ರೆಯನ್ನು ಗ್ಯಾಸಿನಿಂದೆತ್ತಿ ಒಲೆಯ ಮೇಲಿಟ್ಟೆ. ಒಬ್ಬರ ಅಡುಗೆಮನೆಯಲ್ಲಿ ಕೇಳದೆ ಕೈಹಾಕಿದ್ದು ಅದೇ ಮೊದಲು.

"ನೆಂಟರಿಗೆ ಹೊಗೆ ಕುಡಿಸುದಾ?" ರುಖಿಯಮ್ಮ ಗದರಿದರು.

"ನಾಳೆಯಿಂದ ನಾನು ಹಿತ್ತಿಲ ಬಾಗಿಲಲ್ಲೇ ಬರುದು," ಎಂದು ಕೊಕ್ಕೆಗೆ ಹತ್ತು ಕಿಲೋ ಸೌದೆ ತೂಗುಹಾಕಿದೆ.

ಅವರು ನನ್ನನ್ನೊಮ್ಮೆ ನೋಡಿ, ಊದುಗೊಳವೆಯನ್ನು ನನ್ನ ಕಡೆ ಚಾಚಿದರು.