ಅರವತ್ತಕ್ಕೇ ಕತ್ತಲು

ನಾನು ಒಂದು ಪೋಲರಾಯ್ಡ್ ಬಿಲ್ಲೆ. ಹಪ್ಪಳದಷ್ಟೂ ದಪ್ಪವಿಲ್ಲ, ಬೂದು ಬಣ್ಣ, ಹಿತ್ತಾಳೆಯ ಬಳೆಯೊಳಗೆ ಕೂತಿದ್ದೇನೆ. ಮೊದಲ ಸಲ ನೋಡಿದವರು ತಂಪು ಕನ್ನಡಕದ ಚೂರು ಎಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ನನ್ನನ್ನು ಹಟಮಾರಿ ಎಂದು ಬೈದವರಿದ್ದಾರೆ, ಕೆಟ್ಟ ಸಾಮಾನು ಎಂದು ಚೀಟಿ ಅಂಟಿಸಿದವರೂ ಇದ್ದಾರೆ. ಮೊದಲನೆಯದನ್ನು ಒಪ್ಪುತ್ತೇನೆ. ಎರಡನೆಯದನ್ನು ಸುತರಾಂ ಒಪ್ಪುವುದಿಲ್ಲ.

ನಾನು ಹುಟ್ಟಿದ್ದೇ ಎಳೆದಾಟದಲ್ಲಿ. ಕಾರ್ಖಾನೆಯಲ್ಲಿ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯೊಂದನ್ನು ಬಿಸಿ ಮಾಡಿ, ಎರಡೂ ಕಡೆ ಹಿಡಿದು, ಇನ್ನೇನು ಹರಿದೇಹೋಯಿತು ಅನ್ನುವಷ್ಟು ಎಳೆದರು. ಆಮೇಲೆ ಅಯೋಡಿನ್ನಿನಲ್ಲಿ ಅದ್ದಿದರು. ಅಲ್ಲಿಯವರೆಗೆ ಸಿಕ್ಕುಬಿದ್ದ ನೂಲಿನಂತಿದ್ದ ನನ್ನ ಅಣುಗಳ ಸರಪಳಿಗಳು ಎಳೆದ ದಿಕ್ಕಿಗೇ ಸಾಲಾಗಿ ಮಲಗಿದವು. ಅಂದಿನಿಂದ ನನಗೊಂದು ದಿಕ್ಕು ಬಂತು, ಅದರ ಜೊತೆಗೆ ಈ ಹಟವೂ ಬಂತು. ಅದೇ ಹಾಳೆಯಿಂದ ಕತ್ತರಿಸಿದ ಇನ್ನೊಂದು ಬಿಲ್ಲೆ ನನಗೆ ಜೋಡಿಯಾಯಿತು. ಅದನ್ನು ನಾನು ಅಣ್ಣ ಎಂದೇ ಕರೆಯುತ್ತೇನೆ.

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ, ಇಲ್ಲವಾದರೆ ನನ್ನ ಸಿಟ್ಟು ನಿಮಗೆ ಅರ್ಥವಾಗದು. ಬೆಳಕು ಒಂದು ಅಲೆ. ಅದು ಮುಂದೆ ಸಾಗುವಾಗ ತನ್ನ ದಾರಿಗೆ ಅಡ್ಡವಾಗಿ ಕಂಪಿಸುತ್ತದೆ. ದೀಪದ ಬೆಳಕಿನಲ್ಲಿ, ಸೂರ್ಯನ ಬೆಳಕಿನಲ್ಲಿ ಈ ಕಂಪನಕ್ಕೆ ಶಿಸ್ತಿಲ್ಲ. ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ, ಓರೆಯಾಗಿ, ಎಲ್ಲ ಬಗೆಯದೂ ಕಲಸಿಕೊಂಡು ಬರುತ್ತದೆ. ನಾನು ಅದರಲ್ಲಿ ಒಂದೇ ದಿಕ್ಕಿನ ಕಂಪನವನ್ನು ಮಾತ್ರ ಆಚೆ ಬಿಡುತ್ತೇನೆ, ಉಳಿದದ್ದನ್ನು ನುಂಗುತ್ತೇನೆ. ನಾನು ಬಿಡುವ ಆ ದಿಕ್ಕನ್ನೇ ನನ್ನ ದಿಕ್ಕು ಎನ್ನುತ್ತೇನೆ. ಹೀಗೆ ಒಂದೇ ದಿಕ್ಕಿಗೆ ಬಂದ ಬೆಳಕನ್ನು ಧ್ರುವೀಕೃತ ಬೆಳಕು ಎನ್ನುತ್ತಾರೆ. ಅಣ್ಣ ಮುಂದೆ, ನಾನು ಹಿಂದೆ ನಿಂತು ಇಬ್ಬರ ದಿಕ್ಕೂ ಒಂದೇ ಆದರೆ ಅವನು ಬಿಟ್ಟದ್ದನ್ನು ನಾನೂ ಬಿಡುತ್ತೇನೆ. ನನ್ನನ್ನು ಮೆಲ್ಲಗೆ ತಿರುಗಿಸುತ್ತ ಹೋದರೆ ಬೆಳಕು ಮಂಕಾಗುತ್ತದೆ. ನಮ್ಮಿಬ್ಬರ ದಿಕ್ಕಿನ ನಡುವೆ ತೊಂಬತ್ತು ಡಿಗ್ರಿ ಆದಾಗ ಕತ್ತಲು. ಎರಡು ಪಾರದರ್ಶಕ ಹಾಳೆಗಳು ಸೇರಿ ಕತ್ತಲು ಮಾಡುವುದನ್ನು ಕಂಡು ನಕ್ಕ ಮಕ್ಕಳನ್ನೂ ನೋಡಿದ್ದೇನೆ, ಹೆದರಿದವರನ್ನೂ ನೋಡಿದ್ದೇನೆ.

ನಾವು ಬಂದದ್ದು ಗದಗಿನ ಒಂದು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯಕ್ಕೆ. ಅಲ್ಲಿ ಇಟಗಿ ಸರ್ ಪಾಠ ಮಾಡುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ಪ್ರತಿ ವರ್ಷ ಒಂದೇ ಮಾತು ಹೇಳಿ ನನ್ನ ಮೈ ಉರಿಸುತ್ತಿದ್ದರು. "ಕಿಟಕಿ ಸರಳಿನ ನಡುವ ಕೋಲು ಉದ್ದಕ ಹಿಡದ್ರ ಪಾರಾಗತೈತಿ, ಅಡ್ಡ ಹಿಡದ್ರ ಆಗೂದಿಲ್ಲ. ಪೋಲರಾಯ್ಡೂ ಹಂಗ" ಎನ್ನುತ್ತಿದ್ದರು. ಹಂಗಲ್ಲ! ನನ್ನ ಸರಪಳಿಗಳ ಉದ್ದಕ್ಕೆ ಕಂಪಿಸುವ ಬೆಳಕನ್ನೇ ನಾನು ನುಂಗುವುದು. ಅವುಗಳಿಗೆ ಅಡ್ಡವಾಗಿ ಕಂಪಿಸುವುದು ದಾಟಿಹೋಗುತ್ತದೆ. ಕಿಟಕಿಗೂ ನನಗೂ ಸಂಬಂಧವೇ ಇಲ್ಲ. ಹೇಳಲು ನನಗೆ ಬಾಯಿಲ್ಲ, ಕೇಳಲು ಅವರಿಗೆ ಪುರಸೊತ್ತಿಲ್ಲ.

ಒಂದು ದಿನ ಯಾರದೋ ಮೊಣಕೈ ತಗುಲಿ ನಾನು ಮೇಜಿನಿಂದ ಬಿದ್ದೆ. ಬಳೆಯಿಂದ ಕಳಚಿಕೊಂಡು ಬೆಂಚಿನ ಕೆಳಗೆ ಉರುಳಿದೆ. ಪ್ರಯೋಗಾಲಯದ ಜವಾನ ಫಕೀರಪ್ಪ ನನ್ನನ್ನು ಎತ್ತಿ, ಅಂಗಿಯ ತುದಿಯಿಂದ ಒರೆಸಿ, ಅಂಟು ಹಚ್ಚಿ ಮತ್ತೆ ಬಳೆಯೊಳಗೆ ಕೂರಿಸಿದ. ಗುಂಡಗಿನ ವಸ್ತು, ಯಾವ ಕಡೆ ತಿರುಗಿಸಿ ಕೂರಿಸಿದರೂ ಸರಿಯಾಗಿಯೇ ಕೂರುತ್ತದೆ. ಅವನನ್ನು ನಾನು ದೂರುವುದಿಲ್ಲ. ಬಳೆಯ ಮೇಲೆ ಮೊದಲಿನಿಂದಲೂ ಒಂದು ಬಿಳಿ ಗುರುತಿತ್ತು, ನನ್ನ ದಿಕ್ಕು ಇದು ಎಂದು ಹೇಳುವ ಗುರುತು. ಬಳೆ ಇದ್ದಲ್ಲೇ ಇತ್ತು, ಒಳಗೆ ನಾನು ಮೂವತ್ತು ಡಿಗ್ರಿ ಓರೆಯಾಗಿ ಕೂತಿದ್ದೆ. ಅಂದಿನಿಂದ ಗುರುತು ಒಂದು ಹೇಳಿದರೆ ನಾನು ಇನ್ನೊಂದು ಮಾಡುತ್ತಿದ್ದೆ. ಗುರುತನ್ನು ನಂಬಿದವರಿಗೆ ತೊಂಬತ್ತಕ್ಕೆ ಕತ್ತಲಾಗಬೇಕು. ಆಗುತ್ತಿದ್ದದ್ದು ಅರವತ್ತಕ್ಕೆ.

ಇದನ್ನು ಮರುದಿನವೇ ಯಾರಾದರೂ ಹಿಡಿಯುತ್ತಾರೆ ಎಂದುಕೊಂಡೆ. ಯಾರೂ ಹಿಡಿಯಲಿಲ್ಲ. ಏಕೆಂದರೆ ಆ ಕಾಲೇಜಿನಲ್ಲಿ ಪ್ರಯೋಗ ಮಾಡುವ ರೀತಿಯೇ ಬೇರೆ ಇತ್ತು. ಮೊದಲು ಉತ್ತರ, ಆಮೇಲೆ ಪ್ರಯೋಗ. ತೊಂಬತ್ತಕ್ಕೆ ಸೊನ್ನೆ ಎಂದು ಮೊದಲೇ ಬರೆದುಕೊಂಡು, ನಡುವಿನ ಅಂಕಿಗಳನ್ನು ಸೂತ್ರ ಹಾಕಿ ತುಂಬುತ್ತಿದ್ದರು. ಇದಕ್ಕೆ ಅವರೇ ಇಟ್ಟ ಹೆಸರು ರೀಡಿಂಗ್ ಕುದಿಸುವುದು. ದೀಪ ಉರಿಯುತ್ತಿತ್ತು, ಬೆಳಕು ಅಳೆಯುವ ಮೀಟರಿನ ಮುಳ್ಳು ಆಡುತ್ತಿತ್ತು, ನಾನು ಕಿರುಚುವಷ್ಟು ಸ್ಪಷ್ಟವಾಗಿ ಅರವತ್ತಕ್ಕೆ ಕತ್ತಲು ಮಾಡುತ್ತಿದ್ದೆ. ಅವರು ನನ್ನ ಮುಂದೆಯೇ ಕೂತು ಸಿನಿಮಾ ಮಾತಾಡುತ್ತ ತೊಂಬತ್ತು ಎಂದು ಬರೆಯುತ್ತಿದ್ದರು. ಇದಕ್ಕಿಂತ ಅವಮಾನ ಬೇರೆ ಬೇಕೆ?

ಆಮೇಲೆ ಶಮೀಮ್ ನದಾಫ್ ಬಂದಳು. ಅಪ್ಪ ಬೆಟಗೇರಿಯಲ್ಲಿ ಗಾದಿ ಹೊಲಿಯುವವರು. ಸಣ್ಣ ದನಿ, ತಗ್ಗಿಸಿದ ತಲೆ. ಅಂತಿಮ ವರ್ಷದ ಪರೀಕ್ಷೆಯಲ್ಲಿ ಅವಳಿಗೆ ನಾನು ಸಿಕ್ಕೆ. ಅವಳು ಕಣ್ಣು ಕಿರಿದು ಮಾಡಿ ಮುಳ್ಳನ್ನೇ ನೋಡಿದಳು, ಮತ್ತೆ ಮತ್ತೆ ತಿರುಗಿಸಿದಳು, ಅರವತ್ತು ಎಂದು ಬರೆದಳು. ಅಷ್ಟು ವರ್ಷಗಳಲ್ಲಿ ನನ್ನ ಮಾತು ಕೇಳಿದ ಮೊದಲ ಜೀವ ಅವಳು. ಫಲ ಏನು? ಆ ಪ್ರಯೋಗದಲ್ಲಿ ಅವಳು ಫೇಲಾದಳು. ಉಳಿದೆಲ್ಲ ವಿಷಯಗಳಲ್ಲಿ ಪಾಸು, ಇದೊಂದರಿಂದ ಡಿಗ್ರಿ ನಿಂತುಹೋಯಿತು. ಬಿ.ಎಡ್. ಅರ್ಜಿಯೂ ಹಾಕಲಾಗಲಿಲ್ಲ.

ಮರುವರ್ಷ ಅವಳು ಮತ್ತೆ ಪರೀಕ್ಷೆಗೆ ಕೂತಳು. ಪ್ರಾಯೋಗಿಕ ಪರೀಕ್ಷೆಯಲ್ಲಿ ಯಾರಿಗೆ ಯಾವ ಪ್ರಯೋಗ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಮಡಚಿದ ಚೀಟಿಗಳ ರಾಶಿಯಿಂದ ಅವಳು ಒಂದನ್ನು ಎತ್ತಿ ಬಿಚ್ಚಿದಳು. ಅದೇ ಪ್ರಯೋಗ, ಅದೇ ನಾನು. ಪಕ್ಕದಲ್ಲಿದ್ದ ಗೆಳತಿ ಅವಳ ಕಿವಿಯಲ್ಲಿ, "ಲೇ, ಈ ಸಲ ಸುಮ್ನ ತೊಂಬತ್ತಂತ ಬರದ ಬಿಡ" ಎಂದಳು. ನನಗೂ ಹೆದರಿಕೆಯಾಯಿತು. ಬರೆದರೆ ಅವಳು ಗೆಲ್ಲುತ್ತಾಳೆ, ನಾನು ಸೋಲುತ್ತೇನೆ. ಬರೆಯದಿದ್ದರೆ ಇಬ್ಬರೂ ಸೋಲುತ್ತೇವೆ. ಆದರೂ ಅವಳು ಸುಳ್ಳು ಬರೆಯಬಾರದು ಎಂದೇ ನಾನು ಬಯಸಿದೆ. ನಾನೂ ಸ್ವಾರ್ಥಿಯೇ.

ಅವಳು ಅರವತ್ತು ಎಂದು ಬರೆದಳು.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಜಮಖಂಡಿ ಸರ್. ಹಾಳೆ ನೋಡಿ ಹುಬ್ಬು ಏರಿಸಿದರು.

"ಏನವ್ವಾ ಇದು? ಎಲ್ಲಾರಿಗೂ ತೊಂಬತ್ತಕ್ಕ ಕತ್ತಲಾದ್ರ, ನಿನಗೊಬ್ಬಾಕಿಗೆ ಬ್ಯಾರೆ ಬೆಳಕ ಬರತೈತೇನು?"

"ಬೆಳಕ ಅದ ಐತ್ರಿ ಸರ. ನಾ ಕಂಡದ್ದು ಬರದೀನ್ರಿ."

ಇಟಗಿ ಸರ್ ನಡುವೆ ಬಂದರು. ಅವರಿಗೆ ಅವಳ ಮೇಲೆ ಕನಿಕರವೇ ಇತ್ತು. "ಅದನ್ನ ಹೊಡದ ಹಾಕಿ ತೊಂಬತ್ತು ಬರಿಯವಾ. ಹಟಾ ಮಾಡಿ ಇನ್ನೊಂದ ವರ್ಷ ಹಾಳ ಮಾಡಕೋಬ್ಯಾಡ."

ಶಮೀಮ್ ಪೆನ್ನಿನ ಟೊಪ್ಪಿಗೆ ಹಾಕಿ ಕೆಳಗಿಟ್ಟಳು. "ಬರಿಯೂದಿಲ್ರಿ ಸರ. ಈ ಗುರುತ ತಪ್ಪೈತಿ. ಹೊರಗ ಬರ್ರಿ, ತೋರಸ್ತೀನಿ."

ಅವಳು ಯಾರ ಒಪ್ಪಿಗೆಗೂ ಕಾಯದೆ ನನ್ನನ್ನು ಬಳೆಸಮೇತ ಸ್ಟ್ಯಾಂಡಿನಿಂದ ಬಿಡಿಸಿಕೊಂಡು ಪಡಸಾಲೆಗೆ ನಡೆದಳು. ಅವಳ ಹಿಡಿತ ಗಟ್ಟಿಯಿತ್ತು. ಪರೀಕ್ಷಕರು ಸಿಟ್ಟಿನಿಂದಲೋ ಕುತೂಹಲದಿಂದಲೋ ಹಿಂದೆಯೇ ಬಂದರು. ಹೊರಗೆ ಚಹಾ ತಂದಿಟ್ಟಿದ್ದ ಸ್ಟೀಲಿನ ತಟ್ಟೆ ಬಿಸಿಲಿಗೆ ಹೊಳೆಯುತ್ತಿತ್ತು. ಅವರು ನನ್ನನ್ನು ಕಿತ್ತುಕೊಂಡು ಕಣ್ಣಿಗೆ ಹಿಡಿದು, ಆ ಹೊಳಪನ್ನು ನೋಡುತ್ತ ನನ್ನನ್ನು ಒಂದು ಸುತ್ತು ತಿರುಗಿಸಿದರು.

"ಹೊಳಪಿನ ಧ್ರುವೀಕರಣ ತೋರಸಾಕ ಕರದಿ ಹೌದಿಲ್ಲೊ? ಏನೂ ಆಗೂದಿಲ್ಲಲ್ಲ!"

"ಸ್ಟೀಲ್ ನೋಡಬ್ಯಾಡ್ರಿ ಸರ, ಲೋಹದ ಹೊಳಪಿಗೆ ಹಂಗ ಆಗೂದಿಲ್ಲ. ನೆಲಾ ನೋಡ್ರಿ. ನೆಟ್ಟಗ ಕೆಳಗ ನೋಡಬ್ಯಾಡ್ರಿ, ದೂರದ್ದು ಓರೆಯಾಗಿ ನೋಡ್ರಿ."

ಫಕೀರಪ್ಪ ಆಗಷ್ಟೇ ಪಡಸಾಲೆ ಒರೆಸಿದ್ದ. ಬಾಗಿಲಿನಿಂದ ಬಿದ್ದ ಬೆಳಕಿಗೆ ಒದ್ದೆಯಾದ ಶಹಾಬಾದ್ ಕಲ್ಲುಗಳು ಕಣ್ಣು ಕುಕ್ಕುತ್ತಿದ್ದವು. ನೀರಿನ ಮೇಲೆ, ಕಲ್ಲಿನ ಮೇಲೆ ಓರೆಯಾಗಿ ಬಿದ್ದು ಚಿಮ್ಮುವ ಬೆಳಕು ಹೆಚ್ಚಾಗಿ ನೆಲಕ್ಕೆ ಸಮನಾಗಿ, ಅಡ್ಡಡ್ಡವೇ ಕಂಪಿಸುತ್ತದೆ. ನನ್ನ ದಿಕ್ಕು ನೆಟ್ಟಗೆ ನಿಂತಾಗ ಆ ಹೊಳಪನ್ನು ನಾನು ನುಂಗಿಬಿಡುತ್ತೇನೆ. ಜಮಖಂಡಿ ಸರ್‌ಗೆ ಇದೆಲ್ಲ ಬಾಯಿಪಾಠ. ಆದರೆ ಪಡಸಾಲೆಯಲ್ಲಿ ನಿಂತು ಎಂದೂ ನೋಡಿರಲಿಲ್ಲ.

ಅವರು ಬಿಳಿ ಗುರುತನ್ನು ನೆಟ್ಟಗೆ ಮೇಲಕ್ಕೆ ಮಾಡಿ ಹಿಡಿದರು. ಹೊಳಪು ಪೂರ್ತಿ ಹೋಗಲಿಲ್ಲ. ಮೆಲ್ಲಗೆ ತಿರುಗಿಸಿದರು. ಮಂಕಾಯಿತು, ಇನ್ನೂ ಮಂಕಾಯಿತು, ಕೊನೆಗೆ ಅಳಿಸಿಯೇ ಹೋಯಿತು. ಹೊಳಪಿನ ಕೆಳಗೆ ಅಡಗಿದ್ದ ಕಲ್ಲು ಕಂಡಿತು, ಅದರ ಬಿರುಕು ಕಂಡಿತು, ಬಿರುಕಿನಲ್ಲಿ ಸಿಕ್ಕಿದ್ದ ಸೀಮೆಸುಣ್ಣದ ತುಣುಕೂ ಕಂಡಿತು. ಅವರು ನನ್ನನ್ನು ಹಾಗೇ ಹಿಡಿದು ಗುರುತಿನ ಕಡೆ ಕಣ್ಣು ಹಾಯಿಸಿದರು. ಗುರುತು ಓರೆಯಾಗಿ ನಿಂತಿತ್ತು. ಆ ಗಳಿಗೆಯಲ್ಲಿ ನನಗಾದ ಖುಷಿಯನ್ನು ನಾನು ಮುಚ್ಚಿಡುವುದಿಲ್ಲ.

"ಇಟಗಿಯವರ, ಬರ್ರಿಲ್ಲೆ" ಎಂದರು. ಇಟಗಿ ಸರ್ ನೋಡಿದರು. ಅವರ ಮುಖ ಸಪ್ಪಗಾಯಿತು.

"ಇದನ್ನೆಲ್ಲಿ ಕಲತಿ?" ಪರೀಕ್ಷಕರು ಅವಳನ್ನು ಕೇಳಿದರು.

"ಫೇಲಾದ ಮ್ಯಾಲೆ ಕಲತೀನ್ರಿ. ಕೆಟ್ಟ ಕ್ಯಾಲ್ಕ್ಯುಲೇಟರಿನ ಪರದೆ ಮ್ಯಾಲಿನ ಹಾಳಿ ಕಿತ್ತೆ. ಅದೂ ಪೋಲರಾಯ್ಡ ರೀ. ಕೆರಿ ದಂಡಿಗೆ ಕುಂತು ಅದರಾಗ ನೀರ ನೋಡೀನಿ." ಹಾಗೆಯೇ ಇನ್ನೊಂದು ಮಾತು ಸೇರಿಸಿದಳು: "ಹ್ವಾದ ವರ್ಷ ನಂದ ತಪ್ಪಿರಲಿಲ್ರಿ ಸರ."

ಇಬ್ಬರೂ ಒಳಗೆ ಬಂದು ಅವಳ ಹಾಳೆಗೆ ಸಹಿ ಹಾಕಿದರು. ಅವಳು ಪಾಸಾದಳು. ಅವಳು ಹೋದಮೇಲೆ ಜಮಖಂಡಿ ಸರ್ ದನಿ ತಗ್ಗಿಸಿ, "ಹಳೇದೆಲ್ಲ ಕೆದಕೂದ ಬ್ಯಾಡ ಬಿಡ್ರಿ. ಹೊಸಾ ಜೋಡಿ ತರಸ್ರಿ" ಎಂದರು. ಹೊಸ ಜೋಡಿ! ಗುರುತು ಬದಲಿಸಿದ್ದರೆ ಸಾಕಾಗಿತ್ತು. ಆದರೆ ಗುರುತು ಬದಲಿಸಿದರೆ, ಇಷ್ಟು ವರ್ಷ ತೊಂಬತ್ತು ಬರೆದವರು ನೋಡಿದ್ದೇನು ಎಂದು ಯಾರಾದರೂ ಕೇಳಿಯಾರು. ನನ್ನನ್ನೇ ಕೆಟ್ಟ ಸಾಮಾನು ಎನ್ನುವುದು ಸುಲಭವಿತ್ತು, ಹಾಗೆಂದು ಚೀಟಿ ಅಂಟಿಸಿದರು. ಒಂದು ತಪ್ಪೂ ಮಾಡದ ಅಣ್ಣನನ್ನೂ ನನ್ನ ಜೊತೆಗೇ ಮೆಟ್ಟಿಲ ಕೆಳಗಿನ ಬೀರುವಿಗೆ ಹಾಕಿದರು.

ಹೊಸ ಜೋಡಿಯ ಗುರುತು ಸರಿಯಾಗಿದೆಯಂತೆ. ಈಗ ಹುಡುಗರು ತೊಂಬತ್ತು ಎಂದು ಬರೆದರೆ ಅದು ನಿಜ. ಆದರೆ ಅವರು ಈಗಲೂ ನೋಡಿ ಬರೆಯುವುದಿಲ್ಲ. ಇಲ್ಲಿ ಬೀರುವಿನೊಳಗೆ ಕೂತರೂ ನನಗೆ ಎಲ್ಲ ಕೇಳಿಸುತ್ತದೆ, ಅದೇ ಸಿನಿಮಾ ಮಾತು.

ಅಂಕಪಟ್ಟಿ ಒಯ್ಯಲು ಬಂದ ದಿನ ಶಮೀಮ್ ಫಕೀರಪ್ಪನಿಂದ ಬೀರು ತೆರೆಸಿದಳು. ನನ್ನನ್ನು ಎತ್ತಿಕೊಂಡು, ಕಿಟಕಿಯಾಚೆಯ ಒದ್ದೆ ನೆಲವನ್ನು ನನ್ನ ಮೂಲಕ ನೋಡುತ್ತ ತಿರುಗಿಸಿದಳು. ಹೊಳಪು ಹೋದ ಕೂಡಲೇ ಕೈ ನಿಲ್ಲಿಸಿ, ಓಢಣಿಯ ಪಿನ್ನು ತೆಗೆದು, ನೆಟ್ಟಗೆ ಮೇಲಿದ್ದ ಜಾಗದಲ್ಲಿ ಹಿತ್ತಾಳೆಯನ್ನು ಗೀರತೊಡಗಿದಳು.

"ಕಾಲೇಜಿನ ಸಾಮಾನದವ್ವಾ, ಗೀರಬ್ಯಾಡ" ಎಂದ ಫಕೀರಪ್ಪ.

"ಇದು ಕೆಟ್ಟಿಲ್ಲ ಕಾಕಾ. ಖರೇ ಗುರುತ ಇಲ್ಲೈತಿ" ಎಂದಳು, ಗೀರುವುದನ್ನು ನಿಲ್ಲಿಸಲಿಲ್ಲ.

ಅವಳು ಈಗ ಯಾವ ಊರಿನ ಶಾಲೆಯಲ್ಲಿದ್ದಾಳೋ ನನಗೆ ಗೊತ್ತಿಲ್ಲ. ನನಗೆ ವಯಸ್ಸಾಯಿತು, ಅಂಚಿನಲ್ಲಿ ಬಣ್ಣ ಮಾಸುತ್ತಿದೆ, ಅಂಟು ಹಳದಿಯಾಗಿದೆ. ನನ್ನ ಬಳೆಯ ಮೇಲೆ ಈಗ ಎರಡು ಗುರುತುಗಳಿವೆ. ಬಿಳಿಯದು ಅಂದವಾಗಿದೆ, ದೂರಕ್ಕೇ ಕಾಣುತ್ತದೆ, ಅದು ಸುಳ್ಳು. ಗೀರು ಸೊಟ್ಟಗಿದೆ, ಬೆರಳಿಗೆ ಮಾತ್ರ ಸಿಗುತ್ತದೆ. ಯಾವುದು ಸರಿ ಎಂದು ನನ್ನ ಮಾತು ನಂಬಬೇಡಿ, ಯಾರ ಮಾತನ್ನೂ ನಂಬಬೇಡಿ. ಒದ್ದೆ ನೆಲದ ಹತ್ತಿರ ಒಯ್ದು, ಆ ಗೀರನ್ನು ನೆಟ್ಟಗೆ ಹಿಡಿದು ನೋಡಿ. ನೆಲ ಕಾಣುತ್ತದೆ.