ಎಡಕ್ಕೆ ಇನ್ನೊಂದು ಮೊಳ

"ಏ ಮುಂಡೇದೇ, ಅಗಲ ಸಾಲದು ಅಂದ್ನಲ್ಲ! ನನ್ನ ಹೊಟ್ಟೆ ಏನು ನಿನ್ನ ಗಂಡನ ಹೊಟ್ಟೆ ಥರ ಬೆನ್ನಿಗೆ ಅಂಟ್ಕೊಂಡಿದ್ಯಾ? ಎಡಕ್ಕೆ ಇನ್ನೊಂದು ಮೊಳ ಅಗಿ!"

ಆಳುದ್ದದ ಗೋರಿಗುಂಡಿಯಿಂದ ಗುಂಡಿಯಕ್ಕ ಏಣಿ ಹತ್ತಿ ಮೇಲೆ ಬಂದು ಮೈಮೇಲಿನ ಮಣ್ಣು ಕೊಡವಿಕೊಂಡಳು. ಎದುರಿಗೆ ಚರ್ಚಿನ ಫಾದರ್ ಜೊತೆ ಇಟ್ಟಿಗೆ ಭಟ್ಟಿಯ ಸಾಹುಕಾರ. ಸಾಯುವ ಲಕ್ಷಣ ಎಳ್ಳಷ್ಟೂ ಇಲ್ಲ, ಗುಂಡುಕಲ್ಲಿನ ಹಾಗಿದ್ದಾನೆ. ಸತ್ತವರೆಲ್ಲ ಎದ್ದು ಬರುವ ದಿನ ಮೊದಲ ಬೆಳಕು ಬೀಳುವುದು ಚರ್ಚಿನ ಪೂರ್ವದ ಗೋಡೆಯ ಪಕ್ಕದಲ್ಲೇ ಎಂದು ಯಾರೋ ಅವನ ತಲೆಗೆ ತುಂಬಿದ್ದರು. ಅಲ್ಲೂ ಇವನೇ ಮೊದಲಾಗಬೇಕು! ಚರ್ಚಿಗೆ ಹೊಸ ಚಾವಣಿ ಹಾಕಿಸಿಕೊಟ್ಟು, ಈ ಜಾಗ ಹಿಡಿದು, ತನ್ನ ಭಟ್ಟಿಯ ಇಟ್ಟಿಗೆಯಲ್ಲೇ ಗೋರಿ ಕಟ್ಟಿಸಿಟ್ಟುಕೊಳ್ಳಲು ಹೊರಟಿದ್ದ.

"ಬಲಕ್ಕೆ ಚರ್ಚಿನ ಪಾಯ. ಎಡಕ್ಕೆ ನಮ್ಮೆಜಮಾನ್ರು ಮಲಗಿದಾರೆ, ಸಾವ್ಕಾರ್ರೇ."

"ಎಬ್ಬಿಸಿ ಕಳಿಸು! ನಾಲ್ಕು ಮೂಳೆ ತಾನೇ? ಗೋಡೆ ಆಚೆ ಚರಂಡಿ ಪಕ್ಕ ಬೇಕಾದಷ್ಟು ಜಾಗ ಇದೆ. ಏನಂತೀರಿ ಫಾದರ್?"

ಫಾದರ್ ಹೊಸ ಚಾವಣಿಯನ್ನು ನೋಡಿದರು. "ದೇವರಿಗೆ ಎಲ್ಲ ಜಾಗವೂ ಒಂದೇ ಅಲ್ವೇನಮ್ಮ..."

"ಹಂಗಾದ್ರೆ ಸಾವ್ಕಾರ್ರನ್ನೇ ಚರಂಡಿ ಪಕ್ಕ ಮಲಗಿಸೋಣ ಬಿಡಿ."

"ನಾಲಿಗೆ ಸೀಳ್ಬಿಡ್ತೀನಿ! ಹೆಣ ಹೂಳೋಳಿಗೆ ಎಷ್ಟು ಕೊಬ್ಬು ನೋಡಿ!"

ಗುಂಡಿಯಕ್ಕನಿಗೆ ಬೈಗುಳ ಹೊಸದಲ್ಲ, ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಾಳೆ. ಅವಳ ಚಿಂತೆಯೇ ಬೇರೆ. ಗಂಡನೂ ಗುಂಡಿ ತೋಡುವವನೇ. ಊರಿಗೆಲ್ಲ ಮನೆ ತೋಡಿದವನಿಗೆ ಒಳ್ಳೇ ಜಾಗ ಸಿಗಲಿ ಎಂದು ಹಿಂದಿನ ಫಾದರ್ ಈ ಗೋಡೆಯ ಪಕ್ಕ ಕೊಟ್ಟಿದ್ದರು, ಅವನಾಚೆಗೆ ಅವಳಿಗೂ ಒಂದು ಜಾಗ. ಇವಳದೋ ಕುಂಭಕರ್ಣನ ನಿದ್ದೆ. "ಕಡೇ ದಿನ ತುತ್ತೂರಿ ಊದಿದ್ರೂ ನೀನು ಏಳಲ್ಲ ಕಣೇ. ನಾನೇ ಅಲ್ಲಾಡಿಸಿ ಎಬ್ಬಿಸ್ತೀನಿ," ಎಂದು ಸಾಯುವ ಮುಂಚೆ ಮಾತು ಕೊಟ್ಟಿದ್ದ. ಮಾತಿಗೆ ತಪ್ಪುವವನಲ್ಲ. ಅವನನ್ನು ಗೋಡೆಯಾಚೆಗೆ ಎಸೆದರೆ ಇವಳನ್ನು ಎಬ್ಬಿಸುವವರು ಯಾರು? ಎಲ್ಲರೂ ಸ್ವರ್ಗಕ್ಕೆ ಹೋದಮೇಲೂ ಇವಳೊಬ್ಬಳು ಇಲ್ಲೇ ಗೊರಕೆ ಹೊಡೆಯುತ್ತಿರಬೇಕೇ?

"ಒಂದ್ಸಲ ಇಳಿದು ಮಲಗಿ ನೋಡಿ, ಬುದ್ಧಿ. ಅಳತೆ ಸರಿಯಾಗೇ ಇದೆ," ಎಂದಳು.

"ಸುಳ್ಳಿ! ತೋರಿಸ್ತೀನಿ ಇರು," ಎನ್ನುತ್ತ ಸಾಹುಕಾರ ಉಸ್ಸಪ್ಪಾ ಎಂದು ಏಣಿಯಿಳಿದು ಅಂಗಾತ ಮಲಗಿದ. ಎರಡೂ ಕಡೆ ಗೇಣುದ್ದ ಜಾಗ ಉಳಿದಿತ್ತು.

"ಹೇಳಿ ಮಾಡಿಸಿದಂಗಿದೆ!" ಎಂದಳು ಗುಂಡಿಯಕ್ಕ.

"ಬಾಯ್ಮುಚ್ಚು! ಪೆಟ್ಟಿಗೆ ಎಲ್ಲಿಡೋದು, ನಿನ್ನ ತಲೆ ಮೇಲಾ? ಸಂಜೆಯೊಳಗೆ ಆ ಮೂಳೆ ಇಲ್ಲಿರಬಾರದು!"

ಗುಂಡಿಯಕ್ಕ ಬಾಯಿ ಮುಚ್ಚಿದಳು. ಬಾಗಿ ಏಣಿಯನ್ನು ಸರಕ್ಕನೆ ಮೇಲಕ್ಕೆಳೆದುಕೊಂಡು ಗಂಡನ ಗೋರಿಯ ಪಕ್ಕ ಅಡ್ಡ ಹಾಕಿ, ಅದರ ಮೇಲೆ ಕೂತಳು. ಒಳಗೆ ಸಾಹುಕಾರ ಎದ್ದುನಿಂತು ಎಗರಿದ. ಅವನ ಬೆರಳ ತುದಿ ಮಾತ್ರ ಕಾಣಿಸಿತು.

"ಏಣಿ ಕೊಡೇ, ಬೇವರ್ಸಿ!"

"ಕಡೇ ದಿನ ನಿಮಗೆ ಏಣಿ ಯಾರು ಕೊಡ್ತಾರೆ? ಈಗ್ಲೇ ಅಭ್ಯಾಸ ಮಾಡ್ಕೊಳಿ. ಇಲ್ಲಾ, ಎಡಗಡೆ ಮುಟ್ಟಲ್ಲ ಅಂತ ಫಾದರ್ ಮುಂದೆ ಆಣೆ ಮಾಡಿ."

"ನಿನ್ನ ಇಲ್ಲೇ ಹೂಳಿಸ್ತೀನಿ ಕಣೇ!"

"ನಂಗೆ ಜಾಗ ಇದೆ."

"ಫಾದರ್! ಏನ್ರೀ ನೋಡ್ತಿದೀರಾ? ಏಣಿ ಕಿತ್ಕೊಳ್ರೀ! ಚಾವಣಿ ಕಿತ್ತುಹಾಕಿಸ್ತೀನಿ!"

ಫಾದರ್ ನಿಧಾನಕ್ಕೆ ಬಂದರು. ಗುಂಡಿಯಕ್ಕ ಎರಡೂ ಕೈಯಲ್ಲಿ ಏಣಿಯನ್ನು ಬಿಗಿಯಾಗಿ ಹಿಡಿದಳು. ಫಾದರ್ ಬಿಸಿಲಿಗೆ ಬೆವರಿದ ಹಣೆ ಒರೆಸಿಕೊಂಡರು. ಚಾವಣಿಯನ್ನು ಇನ್ನೊಮ್ಮೆ ನೋಡಿದರು. ಆಮೇಲೆ ನಿಲುವಂಗಿ ಎತ್ತಿಹಿಡಿದು ಏಣಿಯ ಮೇಲೆ ಅವಳ ಪಕ್ಕದಲ್ಲೇ ಕೂತುಬಿಟ್ಟರು.

"ಸ್ವಲ್ಪ ಸರಿದು ಕೂತ್ಕೋ ತಾಯಿ," ಎಂದರು.