ಕಾಟನ್ ಚೂಡಿದಾರ

"ವಾಟರ್ ಪಾರ್ಕಿಗೆ ಏನ್ ಹಾಕ್ಕೊಳ್ಲಿ ಅಕ್ಕಾ?" ಎಂದು ಹೊಸ ವಾರಗಿತ್ತಿ ಮೋನಿಷಾ ಕೇಳಿದಾಗ ರಮ್ಯ, "ಈ ಬಿಸಿಲಿಗೆ ಕಾಟನ್ನೇ ಸರಿ ಕಣೇ," ಎಂದಿದ್ದಳು. ಕಾಟನ್ ತೊಟ್ಟವರನ್ನು ನೀರಿಗೆ ಬಿಡುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅತ್ತೆ ಆಂಜನಮ್ಮ ಕಗ್ಗದಾಸಪುರದ ಮನೆಮನೆಗೂ ಹೋಗಿ ಕಿರಿಸೊಸೆಯನ್ನು ಹೊಗಳುತ್ತಿದ್ದದ್ದನ್ನು ಅವಳಿಗೆ ಸಹಿಸಲಾಗುತ್ತಿರಲಿಲ್ಲ.

ಅಂದುಕೊಂಡ ಹಾಗೇ ಗಾರ್ಡ್ ಮೋನಿಷಾಳನ್ನು ತಡೆದ. ಬೇರೆಯವರು ಹಾಕಿ ಬಿಟ್ಟ ಬಾಡಿಗೆ ಬಟ್ಟೆ ಅವಳಿಗೆ ಬೇಡವಾಯಿತು. ನೈಲಾನ್ ತೊಟ್ಟ ರಮ್ಯ ನೀರಿಗಿಳಿದು ತಿರುಗಿ ನೋಡಿದಳು. ನೆರಳಲ್ಲಿ ಕೂತ ಅತ್ತೆ ಮೋನಿಷಾಳ ಕುತ್ತಿಗೆಗೆ ಒದ್ದೆ ಟವೆಲ್ ಹೊದಿಸಿ, ಸೆರಗಿನಿಂದ ಗಾಳಿ ಬೀಸುತ್ತಿದ್ದರು. ಜ್ವರ ಬಂದಾಗಲೂ ಅವರು ರಮ್ಯಳ ಹಣೆ ಮುಟ್ಟಿ ನೋಡಿದವರಲ್ಲ.

ರಮ್ಯ ಅಂಚಿಗೆ ಬಂದು, "ನಾನೂ ಅಲ್ಲೇ ಕೂತ್ಕೊಳ್ತೀನಿ ಅತ್ತೆ," ಎಂದಳು.

"ನಿಂಗೇನಮ್ಮಾ, ತಣ್ಣಗಿದೀಯ," ಎಂದರು ಅತ್ತೆ, ಬೀಸುವುದನ್ನು ನಿಲ್ಲಿಸದೆ. "ನೀನು ನೀರಲ್ಲೇ ಇರು."